ಇಪ್ಪತ್ತನಾಲ್ಕನೆಯ ಮತ

ದೆಹಲಿ
12 ಸೆಪ್ಟೆಂಬರ್ 2004

ಪ್ರಿಯ ಮೋನಪ್ಪನವರಿಗೆ ದಕ್ಷಿಣಾಮೂರ್ತಿಯ ನಮಸ್ಕಾರ.

ನೀವು ನಮ್ಮ ಹೌಸಿಂಗ್ ಸೊಸೈಟಿ ಬಿಟ್ಟು ಫರೀದಾಬಾದಿಗೆ ಹೋಗಿ ಹತ್ತು ತಿಂಗಳಾಯಿತು. ಮನೆಗೆ ಫೋನ್ ಮಾಡಿದರೆ ನೀಲಾವತಿಯವರು "ಅವರು ಹೋಟೆಲಿಗೆ ಹೋಗಿದ್ದಾರೆ" ಎನ್ನುತ್ತಾರೆ. ಹೋಟೆಲಿಗೆ ಮಾಡಿದರೆ ಗಲ್ಲೆಯಲ್ಲಿ ಕೂತವರು "ಈಗಷ್ಟೇ ಮನೆಗೆ ಹೋದರು" ಎನ್ನುತ್ತಾರೆ. ಅದಕ್ಕೇ ಈ ಕಾಗದ.

ಒಂದು ಸಂತೋಷದ ವಿಷಯ ಹೇಳಬೇಕಿತ್ತು. ನಿಮ್ಮ ರಶ್ಮಿತಾ ಈ ವರ್ಷ ನನ್ನ ಕ್ಲಾಸಿನಲ್ಲಿದ್ದಾಳೆ. ಮೂರನೆಯ ವರ್ಷದಲ್ಲಿ ಅಮೆರಿಕದ ಇತಿಹಾಸ ಆರಿಸಿಕೊಂಡಿದ್ದಾಳೆ. ಇಪ್ಪತ್ತಾರು ವರ್ಷದಿಂದ ನಾನು ಅದೇ ಪಾಠ ಮಾಡುತ್ತಿದ್ದೇನೆ. ಆ ಗಣರಾಜ್ಯವನ್ನು ಕಟ್ಟಿದವರು ಯಾರನ್ನೂ ನಂಬಲಿಲ್ಲ, ತಮ್ಮನ್ನು ಕೂಡ ನಂಬಲಿಲ್ಲ, ಅದಕ್ಕೇ ಅಧಿಕಾರವನ್ನು ಮೂರು ಪಾಲು ಮಾಡಿ ಒಂದರ ಮೇಲೊಂದು ಕಾವಲಿಟ್ಟರು ಎಂದು ಹೇಳುವಾಗ ಮಕ್ಕಳು ಸಾಮಾನ್ಯವಾಗಿ ಕಿಟಕಿಯ ಹೊರಗೆ ನೋಡುತ್ತಿರುತ್ತಾರೆ. ಇವಳು ನನ್ನ ಮುಖವನ್ನೇ ನೋಡುತ್ತಾಳೆ. ಮೊದಲು "ಅಂಕಲ್" ಎನ್ನುತ್ತಿದ್ದವಳು ಈಗ ಕಾರಿಡಾರಿನಲ್ಲಿ ಸಿಕ್ಕರೂ "ಸರ್" ಎನ್ನುತ್ತಾಳೆ. ಕಾಲೇಜಿನಲ್ಲಿ ಅದೇ ಸರಿ.

ಕಳೆದ ವರ್ಷ ಆದದ್ದನ್ನು ನೀವು ಮನಸ್ಸಿನಲ್ಲಿಟ್ಟುಕೊಂಡಿದ್ದೀರೆಂದು ಬಲ್ಲೆ. ಲಕ್ಷ್ಮೀ ನಗರದ ನಿಮ್ಮ ಹೋಟೆಲಿನ ಹಿಂದಿನ ಮೇಜಿನಲ್ಲಿ ಕೂತು ಸೊಸೈಟಿಯ ನಿಯಮಾವಳಿಯನ್ನು ನಾವಿಬ್ಬರೇ ಬರೆದೆವು. ಯಾರೂ ಎರಡು ಅವಧಿಗಿಂತ ಹೆಚ್ಚು ಅಧ್ಯಕ್ಷರಾಗಿರಬಾರದು ಎಂಬ ಹದಿನಾಲ್ಕನೆಯ ನಿಯಮ ನನ್ನದೇ ಸಲಹೆ. ನೀವು ಆಗ "ಇದೆಲ್ಲ ಯಾಕೆ ಮಾಷ್ಟ್ರೇ, ಮೂವತ್ತಾರು ಮನೆಗೆ?" ಎಂದಿರಿ. ಏಳು ವರ್ಷದ ನಂತರ, ಅಧ್ಯಕ್ಷನಾಗಿ ನನ್ನ ಎರಡನೆಯ ಅವಧಿ ಮುಗಿಯುತ್ತಾ ಬಂದಾಗ, ಅದನ್ನು ತೆಗೆಯೋಣವೆಂದರೆ ಬೇಡವೆಂದು ಎದ್ದು ನಿಂತವರೂ ನೀವೇ. ನೀರಿನ ಪೈಪ್‌ಲೈನ್ ಅರ್ಧಕ್ಕೆ ನಿಂತಿತ್ತು. ಜಲಮಂಡಳಿಯ ಕಚೇರಿಯಲ್ಲಿ ಯಾವ ಮೇಜಿಗೆ ಹೋಗಬೇಕೆಂದು ನನಗೊಬ್ಬನಿಗೇ ಗೊತ್ತಿತ್ತು. ಸದಸ್ಯರೇ ಮತ ಹಾಕಿದರು, ಮೂರರಲ್ಲಿ ಎರಡು ಪಾಲು ಬಂತು. ನೀವು ಕಾರ್ಯದರ್ಶಿಯ ಸ್ಥಾನ ಬಿಟ್ಟಿದ್ದಲ್ಲದೆ ಫ್ಲಾಟನ್ನೂ ಮಾರಿ ಹೊರಟುಹೋದದ್ದು ಅತಿಯಾಯಿತು. ಸಭೆಗೆ ಮುಂಚೆ ಕಳಿಸಿದ ಸುತ್ತೋಲೆಯಲ್ಲಿ ನಿಮ್ಮನ್ನು "ಸೊಸೈಟಿಯ ಹಿತಕ್ಕೆ ವಿರುದ್ಧ ನಡೆಯುವವರು" ಎಂದು ನಾನು ಬರೆದದ್ದೂ ಸ್ವಲ್ಪ ಅತಿಯೇ ಇರಬಹುದು.

ನವೆಂಬರ್ ಒಂದಕ್ಕೆ ರಾಜ್ಯೋತ್ಸವದ ಊಟವಿದೆ. ಬನ್ನಿ. ಶಾರದಾ ಕೂಡ ಹೇಳಿದ್ದಾಳೆ.

ನಿಮ್ಮವ,
ದಕ್ಷಿಣಾಮೂರ್ತಿ


ಫರೀದಾಬಾದ್
26 ಸೆಪ್ಟೆಂಬರ್ 2004

ದಕ್ಷಿಣಾಮೂರ್ತಿ ಮಾಷ್ಟ್ರಿಗೆ ಮೋನಪ್ಪನ ನಮಸ್ಕಾರಗಳು.

ಕಾಗದ ತಲುಪಿತು. ಊಟಕ್ಕೆ ಕರೆದದ್ದಕ್ಕೆ ಸಂತೋಷ. ಬರಲಿಕ್ಕಾಗುವುದಿಲ್ಲ. ಇಲ್ಲಿ ಸುತ್ತಲೂ ಕಾರ್ಖಾನೆಗಳು. ಶಿಫ್ಟ್ ಬಿಟ್ಟವರು ಒಟ್ಟಿಗೇ ನುಗ್ಗುತ್ತಾರೆ, ಹಬ್ಬವೆಂದು ಹೋಟೆಲು ಮುಚ್ಚುವ ಹಾಗಿಲ್ಲ.

ರಶ್ಮಿತಾ ನಿಮ್ಮ ಪಾಠ ಚೆನ್ನಾಗಿರುತ್ತದೆ ಎನ್ನುತ್ತಾಳೆ. ಊಟದ ಹೊತ್ತಿಗೆ ಎಲ್ಲವನ್ನೂ ನಮಗೂ ಹೇಳುತ್ತಾಳೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಈ ವಯಸ್ಸಿನಲ್ಲಿ ಅಮೆರಿಕದ ಸಂವಿಧಾನ ಕಲಿಯುತ್ತಿದ್ದೇನೆ.

ಸೊಸೈಟಿಯ ವಿಷಯ ನೀವು ಬರೆದಿರಿ, ನಾನು ಬರೆಯುವುದಿಲ್ಲ. ಒಂದು ಮಾತು ಮಾತ್ರ. ಮೂರನೇ ನಂಬರಿನ ರತ್ನಮ್ಮ ಹೋದ ವಾರ ಇಲ್ಲಿಗೆ ಬಂದಿದ್ದರು. ಅವರ ಯಜಮಾನರು ಸರ್ಕಾರಿ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ಆ ಫ್ಲಾಟು ಕಟ್ಟಿಸಿಕೊಂಡವರು. ಆಕೆ ನೆಲಮಹಡಿಯಲ್ಲಿದ್ದಾರೆ, ನೀವು ದಿನವೂ ಅವರ ಬಾಗಿಲು ದಾಟಿಯೇ ಲಿಫ್ಟಿಗೆ ಹೋಗುವುದು. ನೀವು ಎಂದಾದರೂ ಆ ಮನೆಯೊಳಗೆ ಹೋದದ್ದುಂಟೇ?

ಇಲ್ಲಿ ಎಲ್ಲರೂ ಆರೋಗ್ಯ.

ಇಂತು,
ಮೋನಪ್ಪ


ದೆಹಲಿ
21 ನವೆಂಬರ್ 2004

ಮೋನಪ್ಪನವರೇ,

ಈ ಕಾಗದವನ್ನು ಎರಡು ಸಲ ಬರೆದು ಹರಿದೆ. ನೇರವಾಗಿಯೇ ಕೇಳುತ್ತೇನೆ. ಮಗಳಿಗೆ ಹೇಳಿಕೊಟ್ಟು ಕಳಿಸಿದವರು ನೀವೇನು?

ಗುರುವಾರ ವಾಷಿಂಗ್ಟನ್ ಅಧಿಕಾರ ಬಿಟ್ಟ ಪಾಠ. ನನಗೆ ತುಂಬ ಇಷ್ಟವಾದ ಪಾಠ ಅದು. ಯುದ್ಧ ಗೆದ್ದ ಸೇನಾಪತಿ. ಆತ ರಾಜನಾಗುತ್ತೇನೆಂದರೆ ಬೇಡವೆನ್ನುವವರು ಕಡಿಮೆಯೇ ಇದ್ದರು. ಎರಡು ಅವಧಿ ಮುಗಿಸಿ, ಸಾಕು ಎಂದು ಊರಿಗೆ ಹೋಗಿ ಬೇಸಾಯಕ್ಕೆ ನಿಂತ. ಅದನ್ನು ಹೇಳುವಾಗ ಪ್ರತಿ ವರ್ಷವೂ ನನ್ನ ದನಿ ಸ್ವಲ್ಪ ನಡುಗುತ್ತದೆ. ಈ ವರ್ಷವೂ ನಡುಗಿತು.

ರಶ್ಮಿತಾ ಕೈ ಎತ್ತಿದಳು. "ಸರ್, ಎರಡೇ ಅವಧಿ ಅಂತ ಆಗ ಅವರ ಸಂವಿಧಾನದಲ್ಲಿ ಬರೆದಿತ್ತಾ?"

"ಇಲ್ಲ. ಅದನ್ನು ತಿದ್ದುಪಡಿಯಾಗಿ ಸೇರಿಸಿದ್ದು ನೂರೈವತ್ತು ವರ್ಷ ಕಳೆದ ಮೇಲೆ."

"ಹಾಗಾದರೆ ಬರೆಯದೆ ಇದ್ದದ್ದನ್ನು ಅವರು ಪಾಲಿಸಿದರು."

"ಹೌದು."

"ಸರ್, ಬರೆದಿದ್ದನ್ನು ಅಳಿಸಿ ಕುರ್ಚಿಯಲ್ಲಿ ಉಳಿಯುವವರೂ ಇರ್ತಾರಲ್ಲ. ಅವರನ್ನ ಇತಿಹಾಸದಲ್ಲಿ ಏನಂತಾರೆ?"

ಕ್ಲಾಸಿನಲ್ಲಿ ಉಳಿದವರಿಗೆ ಅದು ಬರೀ ಪ್ರಶ್ನೆ. ಒಬ್ಬ ಹುಡುಗಿ ಅದನ್ನು ನೋಟ್ಸಿನಲ್ಲಿ ಬರೆದುಕೊಂಡಳು ಕೂಡ. ನಾನು ಚಾಕ್‌ಪೀಸ್ ಹುಡುಕುವವನಂತೆ ಮೇಜಿನ ಮೇಲೆ ಕೈಯಾಡಿಸಿದೆ. ಚಾಕ್‌ಪೀಸ್ ಕೈಯಲ್ಲೇ ಇತ್ತು. ಇನ್ನೂ ಇಪ್ಪತ್ತು ನಿಮಿಷವಿದ್ದಾಗಲೇ ಕ್ಲಾಸು ಮುಗಿಸಿ ಹೊರಬಂದೆ.

ಅಧ್ಯಾಪಕನನ್ನು ಅವನ ಮಕ್ಕಳ ಎದುರು ಹೀಗೆ ನಿಲ್ಲಿಸುವುದು ಯಾವ ನ್ಯಾಯ? ನಮ್ಮ ಜಗಳದೊಳಗೆ ಆ ಮಗುವನ್ನು ಎಳೆದು ತಂದದ್ದು ಸಣ್ಣತನ. ನಿಮ್ಮಿಂದ ನಾನು ಇದನ್ನು ನಿರೀಕ್ಷಿಸಿರಲಿಲ್ಲ.

ದಕ್ಷಿಣಾಮೂರ್ತಿ


ಫರೀದಾಬಾದ್
5 ಡಿಸೆಂಬರ್ 2004

ಮಾಷ್ಟ್ರೇ,

ನಾನು ಹೇಳಿಕೊಟ್ಟಿಲ್ಲ. ನೀಲಾವತಿಯ ಮೇಲೆ ಆಣೆ. ಹದಿನಾಲ್ಕನೇ ನಿಯಮ ತೆಗೆದದ್ದು ರಶ್ಮಿತಾಳಿಗೆ ಗೊತ್ತು, ಇಂಗ್ಲಿಷಿನಲ್ಲಿದ್ದ ಆ ಸುತ್ತೋಲೆಯನ್ನು ಅವಳೇ ನನಗೆ ಓದಿ ಹೇಳಿದವಳು. ಪ್ರಶ್ನೆ ಅವಳದ್ದೇ. ನಿಮ್ಮ ಪಾಠ ಕೇಳಿಯೇ ಹುಟ್ಟಿದ ಪ್ರಶ್ನೆ. ಅವಳಿಗೆ ಗೊತ್ತಿಲ್ಲದ್ದು ಇನ್ನೊಂದುಂಟು. ಅದನ್ನು ನಾನು ಹೆಂಡತಿಗೂ ಹೇಳಿಲ್ಲ. ಇವತ್ತು ನಿಮಗೆ ಬರೆಯುತ್ತೇನೆ.

ಹದಿನಾಲ್ಕನೇ ನಿಯಮ ತೆಗೆಯಲು ಮೂವತ್ತಾರರಲ್ಲಿ ಇಪ್ಪತ್ತನಾಲ್ಕು ಮತ ಬೇಕಿತ್ತು. ಸಭೆಗೆ ಬಂದು ಕೈ ಎತ್ತಿದವರು ಇಪ್ಪತ್ತೊಂದು. ಬಾರದವರು ತಮ್ಮ ಮತ ಬರೆದು ಕಳಿಸಿದ ಪ್ರಾಕ್ಸಿ ಪತ್ರ ಮೂರು. ಕಾರ್ಯದರ್ಶಿಯೆಂದು ಆ ಮೂರನ್ನೂ ನೀವು ನನ್ನ ಕೈಗೆ ಕೊಟ್ಟಿರಿ. ಎರಡು ಸರಿಯಾದವು. ಮೂರನೆಯದು ರತ್ನಮ್ಮನದು. ಆಗ ಅವರು ಪುತ್ತೂರಿಗೆ ಮಗಳ ಬಾಣಂತನಕ್ಕೆ ಹೋಗಿದ್ದರು.

ಆ ಪತ್ರದಲ್ಲಿ ಕನ್ನಡದಲ್ಲಿ ದುಂಡಗೆ "ರತ್ನಮ್ಮ" ಎಂದು ಸಹಿ ಇತ್ತು.

ಅವರಿಗೆ ಅಕ್ಷರ ಬರುವುದಿಲ್ಲ ಮಾಷ್ಟ್ರೇ. ಯಜಮಾನರು ಹೋದ ಮೇಲೆ ಫ್ಲಾಟು ಅವರ ಹೆಸರಿಗೆ ಆಯಿತಲ್ಲ, ಆಗ ಸದಸ್ಯರ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದ್ದು ನನ್ನ ಎದುರಿಗೇ. ನೀವು ಆ ಪುಟ ನೋಡಿರಲಿಕ್ಕಿಲ್ಲ. ಆ ದುಂಡು ಅಕ್ಷರ ಯಾರದೆಂದು ನನ್ನನ್ನು ಕೇಳಬೇಡಿ. ಏಳು ವರ್ಷ ನಿಮ್ಮ ನೋಟಿಸುಗಳನ್ನು ಬೋರ್ಡಿಗೆ ಹಚ್ಚಿದವನು ನಾನು.

ನಾನು ಆಗಲೇ ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ಎದ್ದು ನಿಂತು "ಇಪ್ಪತ್ತನಾಲ್ಕು" ಎಂದು ಓದಿದ್ದು ನಾನೇ. ನನ್ನ ಬಾಯಿಂದಲೇ ನೀವು ಗೆದ್ದದ್ದು.

ಯಾಕೆಂದು ಕೇಳುತ್ತೀರಾ? ರಶ್ಮಿತಾ ಆಗ ನಿಮ್ಮ ಕಾಲೇಜಿನಲ್ಲಿ ಎರಡನೇ ವರ್ಷ. ಇನ್ನು ಮುಂದೆ ಅಂಕದಲ್ಲಿ ಒಂದು ಪಾಲು ಕಾಲೇಜಿನ ಮಾಷ್ಟ್ರುಗಳ ಕೈಯಲ್ಲೇ ಎಂದು ಹೊಸದಾಗಿ ಬಂದಿತ್ತು. ಸೊಸೈಟಿಯ ಕುರ್ಚಿಗೆ ನಾನು ಹೆದರಲಿಲ್ಲ, ನಿಮ್ಮ ಕ್ಲಾಸಿನ ಕುರ್ಚಿಗೆ ಹೆದರಿದೆ. ಅದೇ ಕಟ್ಟಡದಲ್ಲಿ ಇದ್ದು ದಿನಾ ನಿಮ್ಮ ಮುಖ, ರತ್ನಮ್ಮನ ಮುಖ ನೋಡಲು ಆಗಲಿಲ್ಲ. ಮಾರಿ ಬಂದೆ. ಕೋಪಿಸಿಕೊಂಡು ಹೋದನೆಂದು ನೀವೆಲ್ಲ ತಿಳಿದಿರಿ. ಕೋಪವಲ್ಲ, ನಾಚಿಕೆ.

ಇಂತು,
ಮೋನಪ್ಪ


ದೆಹಲಿ
9 ಜನವರಿ 2005

ಪ್ರಿಯ ಮೋನಪ್ಪ,

ಒಂದು ತಿಂಗಳು ಉತ್ತರ ಬರೆಯಲಾಗಲಿಲ್ಲ. ಆ ಸಹಿ ಬರೆದದ್ದು ನಾನೇ. ಹೌದು.

ಸಭೆಯ ಹಿಂದಿನ ದಿನ ಲೆಕ್ಕ ಹಾಕಿದರೆ ಇಪ್ಪತ್ತಮೂರೇ ಇತ್ತು. ರತ್ನಮ್ಮ ಊರಲ್ಲಿಲ್ಲ, ಫೋನೂ ಇಲ್ಲ, ಇದ್ದಿದ್ದರೆ ಖಂಡಿತ ನನಗೇ ಹಾಕುತ್ತಿದ್ದರು ಎಂದುಕೊಂಡೆ. ಒಂದು ಹೆಸರು ಬರೆಯಲು ಎಷ್ಟು ಹೊತ್ತು? ನೀರಿನ ಕೆಲಸಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ನೀರಿನ ಕೆಲಸವನ್ನು ಅಧ್ಯಕ್ಷನಲ್ಲದೆಯೂ ಮಾಡಬಹುದಿತ್ತು. ನಿಜ ಹೇಳಬೇಕೆಂದರೆ, ಕಾಲೇಜಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು ಪ್ರೊಫೆಸರಾಗಿ ನನ್ನ ಮುಂದೆಯೇ ನಡೆದು ಹೋಗುತ್ತಾರೆ. ಇಲ್ಲಿ ಗೇಟಿಗೆ ಬಂದರೆ ಚೌಕಿದಾರ ಎದ್ದು ನಿಂತು "ನಮಸ್ತೆ ಪ್ರೆಸಿಡೆಂಟ್ ಸಾಬ್" ಎನ್ನುತ್ತಾನೆ. ಅಷ್ಟಕ್ಕೇ ಮೋನಪ್ಪ. ಅಷ್ಟಕ್ಕಾಗಿ.

ಇವತ್ತು ಬೆಳಿಗ್ಗೆ ಕಡತದಿಂದ ಆ ಪತ್ರ ತೆಗೆದುಕೊಂಡು ಮೂರನೇ ನಂಬರಿಗೆ ಹೋದೆ. ರತ್ನಮ್ಮ ಬಾಗಿಲೆದುರು ಬಿಸಿಲಿಗೆ ಕೂತು ಬಟಾಣಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಏಳಲು ಹೋದರು.

"ಬನ್ನಿ ಮಾಷ್ಟ್ರೇ. ನೀರು ಸರಿಯಾಗಿ ಬರ್ತಾ ಉಂಟು, ನಂಗೇನೂ ತೊಂದರೆ ಇಲ್ಲ."

ನೀರಿನ ವಿಷಯವಲ್ಲ ಎಂದೆ. ಮೊರದ ಪಕ್ಕದಲ್ಲಿ ನೆಲದ ಮೇಲೆಯೇ ಕೂತು ಎಲ್ಲ ಹೇಳಿದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಇನ್ನೂ ಕಷ್ಟ.

"ನನ್ನ ಹೆಸರು ನೀವು ಬರ್ದದ್ದಾ? ಎಲ್ಲಿ, ತೋರಿಸಿ."

ಸೆರಗಿಗೆ ಕೈ ಒರೆಸಿಕೊಂಡು ಕಾಗದ ಇಸಿದುಕೊಂಡರು. ನಾನು ಸಹಿಯ ಮೇಲೆ ಬೆರಳಿಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದರು.

"ಹೆಸರು ಇಷ್ಟೇ ಉದ್ದವಾ?"

ಹೌದೆಂದೆ.

"ಇದರಿಂದ ನಿಮಗೆ ಏನಾಯ್ತು?"

"ನಾನು ಅಧ್ಯಕ್ಷನಾಗಿ ಉಳಿದೆ."

"ಮೋನಪ್ಪಣ್ಣ ಮನೆ ಬಿಟ್ಟು ಹೋದದ್ದು ಇದಕ್ಕೆಯಾ?"

"ಹೌದಮ್ಮ."

ಅವರು ಕಾಗದ ನನಗೆ ಹಿಂದೆ ಕೊಟ್ಟರು. "ನನ್ನ ಹತ್ರ ಕೇಳಿದ್ರೆ ನಾನು ಬೇಡ ಅಂತಿದ್ದೆ ಮಾಷ್ಟ್ರೇ."

ಯಾಕೆ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಅಂಥ ಹೊತ್ತಿನಲ್ಲೂ ನನಗೆ ಕಾರಣ ಬೇಕಿತ್ತು ನೋಡಿ.

"ನೀವು ಕೆಟ್ಟವರು ಅಂತ ಅಲ್ಲ. ನಮ್ಮ ಯಜಮಾನ್ರು ತೀರಿಕೊಂಡಾಗ ನೀವು ಈ ಬಾಗಿಲಿಗೆ ಬರ್ಲಿಲ್ಲ. ಸೊಸೈಟಿಯಿಂದ ಒಂದು ಕಾಗದ ಬಂತು, ಸಂತಾಪ ಅಂತ. ಅದನ್ನೂ ಮೋನಪ್ಪಣ್ಣನೇ ಓದಿ ಹೇಳಿದ್ದು."

ಆಮೇಲೆ ಮತ್ತೆ ಬಟಾಣಿ ಸುಲಿಯತೊಡಗಿದರು. ಬಯ್ಯಲಿಲ್ಲ. ಹೋಗಿ ಎಂದೂ ಹೇಳಲಿಲ್ಲ. ನಾನೇ ಎದ್ದು ಬಂದೆ.

ಫೆಬ್ರವರಿ ಆರಕ್ಕೆ ಸರ್ವಸದಸ್ಯರ ಸಭೆ ಕರೆದಿದ್ದೇನೆ. ಎಲ್ಲರೆದುರು ಹೇಳಿ ರಾಜೀನಾಮೆ ಕೊಡುತ್ತೇನೆ. ನಿಮ್ಮ ಹೆಸರನ್ನು ತರುವುದಿಲ್ಲ.

ದಕ್ಷಿಣಾಮೂರ್ತಿ


ದೆಹಲಿ
7 ಫೆಬ್ರವರಿ 2005

ಪ್ರಿಯ ಮೋನಪ್ಪ,

ನಿನ್ನೆ ಸಭೆಯಾಯಿತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಕೆಳಗಿನ ಹಾಲ್‌ನಲ್ಲಿ ಇಪ್ಪತ್ತೇಳು ಮಂದಿ ಸೇರಿದ್ದರು. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ನನ್ನ ಕೈಯಿಂದಲೇ ರತ್ನಮ್ಮನವರ ಸಹಿ ಹಾಕಿದ್ದನ್ನು ಹೇಳಿದೆ. ಆಕೆ ಹಿಂದಿನ ಸಾಲಿನಲ್ಲಿ ಕೂತಿದ್ದರು. ಅಧಿಕಾರವೆಂಬುದು ಮನುಷ್ಯನನ್ನು ಹೇಗೆ ಒಳಗಿನಿಂದ ತಿನ್ನುತ್ತದೆ ಎಂದು ಎರಡು ಮಾತು ಆಡಿದೆ. ಅಮೆರಿಕದ ಉದಾಹರಣೆಯನ್ನೂ ಕೊಟ್ಟೆ. ಸ್ವಲ್ಪ ದೀರ್ಘವಾಯಿತೋ ಏನೋ.

ಆಮೇಲೆ ಮೂರನೇ ಮಹಡಿಯ ಸುರೇಶ ಎದ್ದ. "ಸರ್, ಇಂಥಾದ್ದು ಯಾರು ಮಾಡಲ್ಲ ಹೇಳಿ? ನೀವು ಬಾಯಿಬಿಟ್ಟು ಒಪ್ಕೊಂಡ್ರಲ್ಲ, ಅದು ದೊಡ್ಡದು."

ಉಪಾಧ್ಯಕ್ಷ ಚಂದ್ರಮೋಹನ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. "ಚಲೋ, ಇದನ್ನ ಇಲ್ಲಿಗೇ ಬಿಡೋಣ" ಎಂದ ಆತ. "ಟ್ಯಾಂಕಿನ ಕೆಲಸ ಬಾಕಿ ಇದೆ. ಅದು ಮುಗಿಯೋವರೆಗೂ ಸರ್ ಅವರೇ ಇರಲಿ. ಒಪ್ಪಿಗೆ ಇರೋರು ಕೈ ಎತ್ತಿ."

ಕೈಗಳು ಎದ್ದವು. ನಾನು ನಿಂತೇ ಇದ್ದೆ. ರಾಜೀನಾಮೆ ಜೇಬಿನಲ್ಲಿತ್ತು. ತೆಗೆಯಬೇಕೆಂದುಕೊಂಡೆ, ಆ ಕ್ಷಣದಲ್ಲಿ ತೆಗೆದರೆ ಅವರೆಲ್ಲರನ್ನೂ ಅವಮಾನಿಸಿದಂತೆ ಎನಿಸಿತು. ಕೈ ಮುಗಿದೆ. ಪತ್ರ ಜೇಬಿನಲ್ಲೇ ಉಳಿಯಿತು.

ರತ್ನಮ್ಮ ಕೈ ಎತ್ತಲಿಲ್ಲ. ಚಪ್ಪಾಳೆಯ ನಡುವೆ ಎದ್ದು ಹೊರಗೆ ಹೋದರು.

ಜನರ ಇಚ್ಛೆಯೇ ಹಾಗಿರುವಾಗ ನಾನೊಬ್ಬ ಹಟ ಹಿಡಿಯುವುದು ಸರಿಯೇ? ನೀವೇ ಹೇಳಿ. ಏನಿದ್ದರೂ ಎದೆಯ ಭಾರ ಇಳಿದಿದೆ.

ನಿಮ್ಮವ,
ದಕ್ಷಿಣಾಮೂರ್ತಿ


ಫರೀದಾಬಾದ್
19 ಫೆಬ್ರವರಿ 2005

ಮಾಷ್ಟ್ರೇ,

ಹೇಳಿ ಎಂದಿರಿ, ಹೇಳುತ್ತೇನೆ. ನೀವು ತಪ್ಪು ಮಾಡಿದ್ದು ರತ್ನಮ್ಮನಿಗೆ. ಕ್ಷಮಿಸಿದವರು ಚಂದ್ರಮೋಹನ, ಸುರೇಶ. ಆಕೆ ಎದ್ದು ಹೋದರು, ನೀವು ಕೈ ಮುಗಿದಿರಿ. ಅದಕ್ಕೆ ಜನರ ಇಚ್ಛೆ ಎಂದು ಹೆಸರಿಟ್ಟಿರಿ.

ನಿಮ್ಮ ಎದೆಯ ಭಾರ ಇಳಿದದ್ದು ಒಳ್ಳೆಯದೇ. ನನ್ನ ಮನೆಯಲ್ಲಿ ಒಂದು ಭಾರ ಏರಿದೆ.

ರಶ್ಮಿತಾಳ ಚೀಲದಲ್ಲಿ ನೀಲಾವತಿಗೆ ಒಂದು ಪ್ರಬಂಧ ಸಿಕ್ಕಿತು. ನಿಮ್ಮ ಪೇಪರಿಗೆ ಬರೆದದ್ದು. ಹತ್ತರಲ್ಲಿ ಮೂರು ಅಂಕ. ಕೆಳಗೆ ಕೆಂಪು ಶಾಯಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು. ಅರ್ಥವೇನೆಂದು ಮಗಳನ್ನೇ ಕೇಳಿದೆ. "ಪೂರ್ವಗ್ರಹ, ಪಾಂಡಿತ್ಯವಿಲ್ಲ" ಅಂತ ಪಪ್ಪಾ ಎಂದಳು. ಉಳಿದ ಮಾಷ್ಟ್ರುಗಳ ಹತ್ತಿರ ಅವಳಿಗೆ ಏಳು, ಎಂಟು ಬಂದಿದೆ. ಇಷ್ಟು ದಿನ ನಮ್ಮಿಂದ ಮುಚ್ಚಿಟ್ಟಿದ್ದಳು.

ಪ್ರಬಂಧ ಏನೆಂದು ಓದಿಸಿ, ಹಿಂದಿಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿಸಿಕೊಂಡೆ. ಅಮೆರಿಕದ 1798ರ ಕಾನೂನಂತೆ. ಆಳುವವರ ಬಗ್ಗೆ ಕೆಟ್ಟದಾಗಿ ಬರೆದವರಿಗೆ ಜೈಲು. ಆ ಕಾನೂನು ಮಾಡಿದವರು ಇಪ್ಪತ್ತು ವರ್ಷದ ಹಿಂದೆ ರಾಜನ ವಿರುದ್ಧ ಸ್ವಾತಂತ್ರ್ಯಕ್ಕೆ ಎದ್ದವರ ಪೈಕಿಯವರೇ ಅಂತೆ. ಎದುರಾಡಿದವರೆಲ್ಲ ದೇಶದ ಹಿತಕ್ಕೆ ವಿರುದ್ಧ ಎಂದರಂತೆ. ಒಬ್ಬ ಪ್ರತಿನಿಧಿ ಜೈಲಿನಲ್ಲಿದ್ದುಕೊಂಡೇ ಮತ್ತೆ ಚುನಾವಣೆ ಗೆದ್ದನಂತೆ. ನಿಮ್ಮ ಹೆಸರಾಗಲೀ ನಮ್ಮ ಸೊಸೈಟಿಯ ಹೆಸರಾಗಲೀ ಅದರಲ್ಲಿ ಎಲ್ಲೂ ಇಲ್ಲ.

ಅವತ್ತು ಸಭೆಯಲ್ಲಿ ನಾನು ಬಾಯಿ ಮುಚ್ಚಿದ್ದು ಇದು ಆಗಬಾರದೆಂದು. ಆಗಿಯೇ ಹೋಯಿತು. ಸುಮ್ಮನಿದ್ದು ನಾನು ಉಳಿಸಿಕೊಂಡದ್ದು ಏನೂ ಇಲ್ಲ. ಅವತ್ತು ಎದ್ದು ನಿಂತು ಹೇಳಿದ್ದರೆ ಮಗಳಿಗೆ ಅದೇ ಮೂರು ಬರುತ್ತಿತ್ತು, ಅವಳ ಅಪ್ಪನ ಮುಖವಾದರೂ ನೆಟ್ಟಗಿರುತ್ತಿತ್ತು. ಈಗ ಅವಳಿಗೆ ಪ್ರಾಕ್ಸಿಯ ಕಥೆ ಪೂರ್ತಿ ಹೇಳಿದ್ದೇನೆ. ಇಪ್ಪತ್ತನಾಲ್ಕು ಎಂದು ಓದಿದವನು ನಾನೇ ಎಂದೂ ಹೇಳಿದೆ. "ನೀವೂನಾ ಪಪ್ಪಾ?" ಎಂದಳು. ಎರಡು ದಿನದಿಂದ ನನ್ನ ಹತ್ತಿರ ಮಾತಿಲ್ಲ.

ಮೋನಪ್ಪ


ದೆಹಲಿ
3 ಮಾರ್ಚ್ 2005

ಮೋನಪ್ಪ,

ಆ ಪ್ರಬಂಧಕ್ಕೆ ಅಂಕ ಹಾಕಿದ್ದು ಡಿಸೆಂಬರಿನಲ್ಲಿ. ಪ್ರಾಕ್ಸಿಯ ಬಗ್ಗೆ ನೀವು ಬರೆದ ಕಾಗದ ಬಂದ ಮೂರನೆಯ ದಿನ. ಪ್ರಬಂಧವನ್ನು ಓದುತ್ತಿದ್ದಾಗ ಪ್ರತಿ ಸಾಲೂ ನನ್ನನ್ನೇ ಕುರಿತು ಬರೆದಂತೆ ಕಂಡಿತು. ಕೈ ತಾನಾಗಿ ಮೂರು ಬರೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲು ಏಳು ಬರೆದಿದ್ದೆ. ಅದನ್ನು ಹೊಡೆದು ಮೂರು ಮಾಡಿದೆ.

ಜನವರಿಯಲ್ಲಿ ರತ್ನಮ್ಮನ ಬಾಗಿಲಿಗೆ ಹೋಗುವಾಗ ಇದು ನನಗೆ ನೆನಪಿತ್ತು. ಸಭೆಯಲ್ಲಿ ಅಧಿಕಾರದ ಬಗ್ಗೆ ಭಾಷಣ ಮಾಡುವಾಗಲೂ ನೆನಪಿತ್ತು. ಒಂದನ್ನು ಎಲ್ಲರೆದುರು ಹೇಳಿದರೆ ಇನ್ನೊಂದು ಹೇಳದಿದ್ದರೂ ಆಗುತ್ತದೆ ಎಂದುಕೊಂಡೆ.

ಫೆಬ್ರವರಿ ಇಪ್ಪತ್ತೇಳಕ್ಕೆ ಮತ್ತೆ ಸಭೆ ಕರೆದು ರಾಜೀನಾಮೆಯನ್ನು ಮೇಜಿನ ಮೇಲಿಟ್ಟೆ. ಒಂದೇ ಸಾಲು. ಈ ಸಲ ಭಾಷಣ ಮಾಡಲಿಲ್ಲ. ಹದಿನಾಲ್ಕನೆಯ ನಿಯಮವನ್ನು ಮತ್ತೆ ಸೇರಿಸಿ ಎಂದು ಕೇಳಿದೆ. ಹನ್ನೊಂದು ಕೈ ಎದ್ದವು. "ಈಗ ಅದೆಲ್ಲ ಯಾಕೆ ಸರ್" ಎಂದ ಚಂದ್ರಮೋಹನ. ಈಗ ಆತನೇ ಅಧ್ಯಕ್ಷ. ಆತನಿಗೆ ಅವಧಿಯ ಮಿತಿ ಇಲ್ಲ. ಆ ದಾರಿ ಮಾಡಿಕೊಟ್ಟವನು ನಾನು. ಮುಚ್ಚುವ ಶಕ್ತಿ ಈಗ ನನ್ನಲ್ಲಿಲ್ಲ.

ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥೆಗೆ ನಡೆದದ್ದನ್ನು ತಿಳಿಸಿದೆ. ನಾನೇ ತಿದ್ದಿದರೆ ಅದೂ ನನ್ನ ಮರ್ಜಿಯೇ ಆಗುತ್ತದೆ, ಬೇರೆಯವರಿಂದ ಓದಿಸಿ ಎಂದೆ. ಹೆಸರು ಮುಚ್ಚಿ ಇನ್ನೊಬ್ಬರಿಗೆ ಕೊಟ್ಟರು. ಅವರು ಎಂಟು ಕೊಟ್ಟಿದ್ದಾರೆ. ಮುಂದಿನ ವಾರ ಪಟ್ಟಿ ಬೋರ್ಡಿಗೆ ಬರುತ್ತದೆ.

ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ.

ದಕ್ಷಿಣಾಮೂರ್ತಿ


ಫರೀದಾಬಾದ್
14 ಮಾರ್ಚ್ 2005

ಸರ್,

ಕನ್ನಡ ಓದಿದಷ್ಟು ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ. ಮಿಸ್ಟೇಕ್ ಇದ್ದರೆ ಮಾಫ್ ಮಾಡಿ. ಇಂಗ್ಲಿಷಿನಲ್ಲಿ ಬರೆದರೆ ಪಪ್ಪಾಗೆ ಓದಲಿಕ್ಕೆ ಆಗಲ್ಲ. ಅವರು ಓದಿದ ಮೇಲೆ ಪೋಸ್ಟ್ ಮಾಡ್ತೇನೆ. ಇನ್ನು ಮೇಲೆ ನಮ್ಮ ಮನೆಯಲ್ಲಿ ಯಾರೂ ಯಾರಿಂದಲೂ ಏನೂ ಮುಚ್ಚಿಡಬಾರದು ಅಂತ ಮಾತಾಗಿದೆ.

ಮಾರ್ಕ್ಸ್ ಪಟ್ಟಿ ನೋಡಿದೆ. ನನ್ನ ಹೆಸರಿನ ಎದುರು ಮೂರು ಹೊಡೆದು ಎಂಟು ಅಂತ ಇದೆ. ಪೂರಾ ಕ್ಲಾಸಿನಲ್ಲಿ ನನ್ನದೊಂದೇ ಚೇಂಜ್ ಆಗಿದೆ. ಹರ್ಷಿಣಿ ಕೇಳಿದಳು, "ತೇರಾ ಹೀ ಕ್ಯೋಂ?" ಅಂತ, ನಿನ್ನದು ಮಾತ್ರ ಯಾಕೆ ಅಂತ. ಇನ್ನೊಬ್ಬಳು "ಸರ್ ಇವರ ಫ್ಯಾಮಿಲಿ ಫ್ರೆಂಡ್, ಇಬ್ಬರೂ ಕನ್ನಡದವರು, ಒಳಗೊಳಗೇ ಸೆಟ್ಟಿಂಗ್ ಹೈ" ಎಂದಳು. ನಾನು ಏನೂ ಹೇಳಲಿಲ್ಲ. ನಿಜ ಹೇಳಿದರೆ ನಿಮ್ಮ ಹೆಸರು ಹೋಗುತ್ತದೆ, ಸುಮ್ಮನಿದ್ದರೆ ನನ್ನದು. ಪಪ್ಪಾ ಸುಮ್ಮನಿದ್ದು ಏನಾಯಿತು ಅಂತ ನಾನು ನೋಡಿದ್ದೇನೆ.

ಮಾರ್ಕ್ಸ್ ಯಾಕೆ ಕಡಿಮೆ ಆಯಿತು, ಯಾಕೆ ಚೇಂಜ್ ಆಯಿತು ಅಂತ ದಯವಿಟ್ಟು ನೀವೇ ಬರೆದು ಬೋರ್ಡಿಗೆ ಹಾಕಿ. ಅದನ್ನ ನಾನು ಹೇಳಬಾರದು. ನೀವು ಹೇಳಬೇಕು.

ನೀವು ಒಳ್ಳೆಯ ಟೀಚರ್. ಅದಕ್ಕೇ ನನಗೆ ಇಷ್ಟು ಕೋಪ ಬಂದದ್ದು.

ರಶ್ಮಿತಾ


ದೆಹಲಿ
18 ಮಾರ್ಚ್ 2005

ಪ್ರಿಯ ಮೋನಪ್ಪ,

ರಶ್ಮಿತಾಳ ಕಾಗದ ನಿನ್ನೆ ಬಂತು. ನೀವೂ ಓದಿದ್ದೀರೆಂದು ಅವಳೇ ಬರೆದಿದ್ದಾಳೆ.

ಬೋರ್ಡಿಗೆ ಹಾಕುವ ಮೊದಲು ಶಾರದಾಳಿಗೆ ಹೇಳಬೇಕೆನಿಸಿತು. ಈ ಒಂದೂವರೆ ವರ್ಷದಲ್ಲಿ ಅವಳಿಗೆ ನಾನು ಏನನ್ನೂ ಹೇಳಿರಲಿಲ್ಲ. ಹೇಳಿ ಮುಗಿಸುವವರೆಗೆ ಕೇಳಿಸಿಕೊಂಡಳು. "ಮೋನಪ್ಪನವರ ಬಗ್ಗೆ ಎಲ್ಲರ ಹತ್ತಿರವೂ ನಾನೂ ಕೆಟ್ಟದಾಗಿ ಮಾತಾಡಿದೆನಲ್ಲ, ನಿಮ್ಮನ್ನು ನಂಬಿಕೊಂಡು" ಎಂದಳು.

ಇವತ್ತು ಬೆಳಿಗ್ಗೆ ಒಂದು ಹಾಳೆಯಲ್ಲಿ ಕೈಬರಹದಲ್ಲೇ ಬರೆದೆ. ಈ ವಿದ್ಯಾರ್ಥಿನಿಯ ಪ್ರಬಂಧಕ್ಕೆ ನಾನು ಮೂರು ಅಂಕ ಕೊಟ್ಟದ್ದು ಪ್ರಬಂಧದ ದೋಷಕ್ಕಲ್ಲ. ಕ್ಲಾಸಿನಲ್ಲಿ ಅವಳು ಕೇಳಿದ ಪ್ರಶ್ನೆ ನನಗೆ ಸೇರದೆ ಹೋಗಿತ್ತು, ಅವಳ ತಂದೆಯ ಮೇಲೂ ನನಗೆ ಸಿಟ್ಟಿತ್ತು. ಪ್ರಬಂಧವನ್ನು ಬೇರೆ ಅಧ್ಯಾಪಕರು ಓದಿ ಎಂಟು ಕೊಟ್ಟಿದ್ದಾರೆ. ತಪ್ಪು ನನ್ನದು. ಇಷ್ಟೇ ಬರೆದದ್ದು. ಇನ್ನೊಂದು ವಾಕ್ಯ ಸೇರಿಸೋಣವೆನಿಸಿತು, ಸೇರಿಸಲಿಲ್ಲ.

ವಿಭಾಗದ ಮುಖ್ಯಸ್ಥೆ ಅದನ್ನು ಓದಿ, "ಇದೇನೂ ಅವಶ್ಯವಿಲ್ಲ, ಸುಮ್ಮನೆ ಕಾಲೇಜಿನ ಮರ್ಯಾದೆ ಹೋಗುತ್ತದೆ" ಎಂದರು. ಅವಶ್ಯವಿದೆ ಎಂದೆ.

ಹತ್ತೂವರೆಗೆ ಪಟ್ಟಿಯ ಪಕ್ಕದಲ್ಲಿ ಪಿನ್ ಹೊಡೆದೆ. ಒಳಗೆ ಹೋಗಿಬಿಡೋಣವೆಂದು ಕಾಲು ಎಳೆಯಿತು. ಹೋಗಲಿಲ್ಲ, ಗೋಡೆಯ ಬದಿಗೆ ನಿಂತೆ. ಹುಡುಗ ಹುಡುಗಿಯರು ಬಂದು ಒಬ್ಬರ ಹೆಗಲ ಮೇಲಿಂದ ಒಬ್ಬರು ಓದಿದರು. ನನ್ನನ್ನು ನೋಡಿದರು, ಮತ್ತೆ ಹಾಳೆಯನ್ನು ನೋಡಿದರು. ಯಾರೋ ನಕ್ಕರು. "ಶಿಟ್" ಎಂದು ಯಾರೋ ಮೆಲ್ಲಗೆ ಅಂದರು. ಹರ್ಷಿಣಿ ಓದಿ ಮುಗಿಸಿ ರಶ್ಮಿತಾಳ ಕೈ ಹಿಡಿದುಕೊಂಡಳು. ರಶ್ಮಿತಾ ನನ್ನ ಕಡೆ ನೋಡಲಿಲ್ಲ. ನೋಡಬೇಕೆಂದು ನಾನು ನಿರೀಕ್ಷಿಸಿದ್ದೆ ಎಂಬುದು ಅವಳು ಹೊರಟು ಹೋದ ಮೇಲೆ ತಿಳಿಯಿತು.

ಅಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಗುಂಪು ಕರಗಿತು. ಹಿಂದಿನ ಬೆಂಚಿನಲ್ಲಿ ಕೂರುವ ಒಬ್ಬ ಹುಡುಗಿ, ಹೆಸರು ಕೂಡ ನನಗೆ ಸರಿಯಾಗಿ ಗೊತ್ತಿಲ್ಲ, ಸ್ವಲ್ಪ ದೂರದಲ್ಲಿ ನಿಂತು ನಾಳೆ ಕ್ಲಾಸು ಇರುತ್ತದೆಯೇ ಎಂದು ಹಿಂಜರಿಯುತ್ತಾ ಹಿಂದಿಯಲ್ಲಿ ಕೇಳಿದಳು:

"ಸರ್, ಕಲ್ ಕ್ಲಾಸ್ ಹೋಗೀ?"

"ಇದೆ" ಎಂದೆ, ಕನ್ನಡದಲ್ಲೇ. ಅವಳಿಗೆ ಅರ್ಥವಾಗಲಿಲ್ಲ. "ಹೋಗೀ" ಎಂದೆ. ಆಮೇಲೆ ಅವಳ ಹೆಸರು ಕೇಳಿದೆ.

ದಕ್ಷಿಣಾಮೂರ್ತಿ